ಬೀರುವಿನೊಳಗಿನ ಮಳೆಗಾಲ

ಬಾಂದ್ರಾದ ಕಾರ್ಟರ್ ರಸ್ತೆಯಲ್ಲೋ ಬ್ಯಾಂಡ್‌ಸ್ಟ್ಯಾಂಡಿನಲ್ಲೋ ಕಡಲಿಗೆ ಮುಖ ಮಾಡಿದ ಮನೆ ಕೊಳ್ಳುವವರು ಮೊದಲು ಬಿಲ್ಡರನಿಗೆ ಕೋಟಿಗಟ್ಟಲೆ ಸುರಿಯುತ್ತಾರೆ. ಆಮೇಲೆ ವರ್ಷವರ್ಷವೂ ಕಡಲಿಗೆ ಕಪ್ಪ ಕಟ್ಟುತ್ತಾರೆ. ಕಿಟಕಿಯ ಗ್ರಿಲ್ಲಿಗೆ ಮತ್ತೆ ಬಣ್ಣ, ಎ.ಸಿ.ಯ ಹೊರಪೆಟ್ಟಿಗೆಗೆ ಹೊಸ ಕಾಯಿಲ್, ಕಿರುಗುಟ್ಟುವ ಬಾಗಿಲ ತಿರುಗಣಿಗೆ ಎಣ್ಣೆ. ಜೂನ್ ಬಂತೆಂದರೆ ಒಗೆದ ಬಟ್ಟೆ ಮೂರು ದಿನವಾದರೂ ಹಸಿಹಸಿ, ಡಬ್ಬಿಯೊಳಗಿನ ಉಪ್ಪು ಗಂಟು, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿನ ಮೇಲೆ ಬೂಷ್ಟು. ಇಂಥ ಬೀರುಗಳಲ್ಲಿ ಕೆಲವುಗಳ ಒಳಗೆ, ಮಡಿಸಿದ ರೇಷ್ಮೆ ಸೀರೆಗಳ ಹಿಂದೆ, ಲೈಸೆನ್ಸ್ ಪುಸ್ತಕದ ಜೊತೆ ಒಂದು ಕೋವಿಯೂ ನಿಂತಿರುತ್ತದೆ. ಅಜ್ಜನದೋ ಮಾವನದೋ ಇರಬಹುದು. ಗುಂಡು ಹಾರಿಸಿ ಎಷ್ಟು ಕಾಲವಾಯಿತೆಂದು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕೋವಿ ಹಾಳಾಗುವುದು ಅಲ್ಲಿ, ಆ ನೆಮ್ಮದಿಯಲ್ಲಿ.

ದಿನವೂ ಬಳಕೆಯಲ್ಲಿರುವ ಕೋವಿಗೆ ತುಕ್ಕಿನ ಕಾಟ ಕಡಿಮೆ. ಬೆಳಿಗ್ಗೆ ಹೊರಗೆ ಹೋದದ್ದು ಸಂಜೆ ಒರೆಸಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು ಗೂಟಕ್ಕೆ ಮರಳುತ್ತದೆ. ಕೈಯಲ್ಲಿ ಆಡುವ ವಸ್ತುವಿನ ಮೇಲೆ ಕಣ್ಣೂ ಆಡುತ್ತದೆ. ‘ಎಣ್ಣೆ ಹಚ್ಚಿ ಇಟ್ಟಿದ್ದೇನಲ್ಲ’ ಎಂದು ಬೀಗ ಹಾಕಿದ ಕೋವಿಯ ಕತೆಯೇ ಬೇರೆ. ಅದನ್ನು ಮತ್ತೆ ನೋಡುವುದು ಲೈಸೆನ್ಸ್ ನವೀಕರಣದ ಹೊತ್ತಿಗೆ. ಮೊದಲು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ಆ ಗಳಿಗೆ 2019ರ ಆಯುಧ ಕಾಯ್ದೆ ತಿದ್ದುಪಡಿಯ ಮೇಲೆ ಐದು ವರ್ಷಕ್ಕೆ ಹೋಗಿದೆ. ಲೈಸೆನ್ಸುದಾರರಿಗೆ ಅಲೆದಾಟ ಉಳಿಯಿತು. ತುಕ್ಕಿಗೆ ಎರಡು ವರ್ಷ ಹೆಚ್ಚು ಬಿಡುವು ಸಿಕ್ಕಿತು.

ತುಕ್ಕು ಹಿಡಿಯಲು ಕಬ್ಬಿಣ, ಆಮ್ಲಜನಕ, ನೀರು ಇಷ್ಟಿದ್ದರೆ ಸಾಕು. ನೀರೆಂದರೆ ಸುರಿಯುವ ನೀರೇ ಆಗಬೇಕಿಲ್ಲ, ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆಯೂ ಆದೀತು. ಕಳೆದ ಶತಮಾನದ ಇಪ್ಪತ್ತು–ಮೂವತ್ತರ ದಶಕಗಳಲ್ಲಿ ಬ್ರಿಟನ್ನಿನ ವಿಜ್ಞಾನಿ ಡಬ್ಲ್ಯು. ಎಚ್. ಜೆ. ವರ್ನನ್ ಗಾಳಿಯಲ್ಲಿ ಲೋಹ ಕೆಡುವ ಬಗೆಯನ್ನು ಕೂತು ಅಳೆದರು. ಸಾಪೇಕ್ಷ ಆರ್ದ್ರತೆ ಸುಮಾರು 60% ದಾಟುವವರೆಗೆ ಕಬ್ಬಿಣ ಹೇಗೋ ತಡೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ತುಕ್ಕಿನ ವೇಗ ಒಮ್ಮೆಲೇ ಏರುತ್ತದೆ. ಮಳೆಗಾಲದ ಮುಂಬೈಯಲ್ಲಿ ಆರ್ದ್ರತೆ ಬಹುಪಾಲು 80%ರ ಆಸುಪಾಸಿನಲ್ಲೇ ಇರುತ್ತದೆ.

ಬಾಂದ್ರಾಕ್ಕೆ ಇದರ ಮೇಲೆ ಉಪ್ಪಿನ ಕಾಟ ಬೇರೆ. ಬಂಡೆಗಳಿಗೆ ಬಡಿದ ಅಲೆಯ ತುಂತುರು ಗಾಳಿಯಲ್ಲಿ ತೇಲಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಶುದ್ಧ ಅಡುಗೆ ಉಪ್ಪು ಗಾಳಿಯಿಂದ ನೀರು ಹೀರಿ ತಾನೇ ಕರಗಬೇಕಾದರೆ ಆರ್ದ್ರತೆ ಸುಮಾರು 75% ಮುಟ್ಟಬೇಕು. ಕಡಲಿನ ಉಪ್ಪು ಶುದ್ಧವಲ್ಲ, ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ. ಅದು 33%ರಲ್ಲೇ ನೀರಾಗತೊಡಗುತ್ತದೆ. ಹೀಗಾಗಿ ಜನವರಿಯ ಒಣಹವೆಯಲ್ಲೂ, ಊರೆಲ್ಲ ಒಣಗಿ ತುಟಿ ಬಿರಿಯುವ ದಿನದಲ್ಲೂ, ನಳಿಗೆಯ ಮೇಲೆ ಕೂತ ಉಪ್ಪಿನ ಕಣ ತನ್ನ ಸುತ್ತ ಪುಟ್ಟ ಕೊಚ್ಚೆ ಮಾಡಿಕೊಂಡೇ ಇರುತ್ತದೆ. ‘ಮಳೆಗಾಲ ಕಳೆಯಿತು, ಇನ್ನು ಚಿಂತೆಯಿಲ್ಲ’ ಎನ್ನುವ ಮಾತು ಮಂಡ್ಯದಲ್ಲಿ ನಡೆದೀತು, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ನಡೆಯದು.

ಎ.ಸಿ. ಹಾಕಿದರೆ ಹವೆ ಒಣಗುತ್ತದಲ್ಲ ಎನ್ನಬಹುದು. ಹಾಕಿದಷ್ಟು ಹೊತ್ತು ನಿಜ. ರಾತ್ರಿಯಿಡೀ ತಣ್ಣಗಾದ ಉಕ್ಕು ಬೆಳಿಗ್ಗೆ ಕಿಟಕಿ ತೆರೆದೊಡನೆ ಹೊರಗಿನ ಹಸಿಗಾಳಿಗೆ ಮೈಯೊಡ್ಡುತ್ತದೆ, ಮೇಲೆಲ್ಲ ಸಣ್ಣ ಹನಿ ಕಟ್ಟುತ್ತದೆ.

ಈ ಗಾಳಿಗೂ ಆಯುಧಕ್ಕೂ ಬಾಂದ್ರಾದಲ್ಲಿ ಹಳೆಯ ಜಗಳವಿದೆ. ಬ್ಯಾಂಡ್‌ಸ್ಟ್ಯಾಂಡಿನ ತುದಿಯಲ್ಲಿ, ಈಗ ಜೋಡಿಗಳು ಕೂತು ಸೀ ಲಿಂಕ್ ನೋಡುವ ಜಾಗದಲ್ಲಿ, ಪೋರ್ಚುಗೀಸರು 1640ರಲ್ಲಿ ಕೋಟೆ ಕಟ್ಟಿದರು. ಕಾಸ್ತೆಲಾ ದ ಅಗುವಾದ ಎಂದು ಅದರ ಹೆಸರು. ಹಡಗುಗಳಿಗೆ ಸಿಹಿನೀರು ಸಿಗುತ್ತಿದ್ದ ತಾಣವಾದ್ದರಿಂದ ಆ ಹೆಸರು ಬಂತು. ಮಾಹಿಮ್ ಕೊಲ್ಲಿಯನ್ನು ಕಾಯುವುದು ಅದರ ಕೆಲಸ. ಮರಾಠರು ಸಾಲ್ಸೆಟ್ಟಿ ದ್ವೀಪವನ್ನು ಗೆದ್ದು ವಸಾಯಿಯತ್ತ ನುಗ್ಗಿದ ಕಾಲಕ್ಕೆ, 1739ರಲ್ಲಿ, ಕೋಟೆ ಅವರ ಕೈಗೆ ಬೀಳದಿರಲೆಂದು ಅದರ ಬಹುಭಾಗವನ್ನು ಕೆಡವಲಾಯಿತು. ಇವತ್ತು ಹೆಬ್ಬಾಗಿಲೂ ಗೋಡೆಯ ತುಂಡುಗಳೂ ಉಳಿದಿವೆ. ಹಾಗೆ ಕಡಲ ಬಾಯಲ್ಲೇ ಕೂತ ಕಾವಲಿನವರಿಗೆ ನಳಿಗೆ ತಿಕ್ಕುವುದು ದಿನದ ಕೆಲಸವಾಗಿರದೆ ವಿಧಿಯಿರಲಿಲ್ಲ.

ಬಾಂದ್ರಾದ ಇನ್ನೊಬ್ಬ ಕೋವಿದಾರರನ್ನು ಕನ್ನಡಿಗರು ಮರೆಯುವಂತಿಲ್ಲ. ಪಾಲಿ ಹಿಲ್‌ನಲ್ಲಿ ಬಹುಕಾಲ ನೆಲೆಸಿದ್ದ ಸಲೀಂ ಅಲಿ ಹಕ್ಕಿಗಳ ಲೋಕಕ್ಕೆ ಕಾಲಿಟ್ಟದ್ದೇ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಹಳದಿ ಕೊರಳಿನ ಗುಬ್ಬಚ್ಚಿಯ ಮೂಲಕ. 1939–40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದರು. ಆಗಿನ ಪಕ್ಷಿವಿಜ್ಞಾನವೆಂದರೆ ದುರ್ಬೀನಿನಷ್ಟೇ ಕೋವಿಯೂ ಬೇಕಾಗಿದ್ದ ವಿದ್ಯೆ. ಸಣ್ಣ ಚರೆಯಿಂದ ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಮ್ಯೂಸಿಯಮ್ಮಿಗೆ ಕಳಿಸಬೇಕು. ಈಗ ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಆ ಮಾತು ಬೇರೆ. ತುಕ್ಕಿನ ಲೆಕ್ಕದಲ್ಲಿ ನೋಡಿದರೆ ದಿನವೂ ಕೈಗೆ ಬರುತ್ತಿದ್ದ ಅಂಥ ಕೋವಿಗೆ ಬೀರುವಿನ ಕಾಯಿಲೆ ತಗಲುವ ಭಯವಿರಲಿಲ್ಲ.

ಮುಂಬೈಯಲ್ಲಿ ಕೋವಿ ಇಟ್ಟುಕೊಂಡವರು ಕಡಿಮೆ. ಉಪನಗರ ಜಿಲ್ಲೆಯ ಕಲೆಕ್ಟರ್ ಕಚೇರಿ ಬಾಂದ್ರಾ ಪೂರ್ವದಲ್ಲೇ ಇದ್ದರೂ ಕೋವಿಯ ಲೈಸೆನ್ಸಿಗೆ ಅಲ್ಲಿ ಕೆಲಸವಿಲ್ಲ. ನಗರ, ಉಪನಗರ ಎರಡಕ್ಕೂ ಪೊಲೀಸ್ ಕಮಿಷನರರದೇ ಅಧಿಕಾರ. ಇಲ್ಲಿನ ಕನ್ನಡಿಗರ ಮಟ್ಟಿಗೆ ಕೋವಿ ಎಂದರೆ ಹೆಚ್ಚಾಗಿ ಊರಿನ ಮಾತು. ಹೋಟೆಲಿಗೋ ಬ್ಯಾಂಕಿಗೋ ಎಂದು ಎರಡು ತಲೆಮಾರಿನ ಹಿಂದೆ ಮುಂಬೈಗೆ ಬಂದ ಮನೆತನದ ಒಂದು ಕೊಂಬೆ ಕುಂದಾಪುರ, ಸುಳ್ಯ, ತೀರ್ಥಹಳ್ಳಿ, ವಿರಾಜಪೇಟೆಯ ಕಡೆ ಉಳಿದಿರುತ್ತದೆ. ಅಲ್ಲಿ ತೋಟವಿದೆ. ತೋಟಕ್ಕೆ ಮಂಗ, ಹಂದಿಯ ಕಾಟವಿದೆ. ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಒಳಕೋಣೆಯ ಮೂಲೆಯಲ್ಲಿದೆ. ಚಿಕ್ಕಪ್ಪನಿಗೆ ವಯಸ್ಸಾಯಿತು, ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಮಸ್ಕತ್. ಮೇ ರಜೆಯಲ್ಲಿ ಊರಿಗೆ ಹೋದ ಅಳಿಯನೊಬ್ಬ ಕುತೂಹಲಕ್ಕೆ ಚೀಲ ಬಿಚ್ಚಿದರೆ ನಳಿಗೆಯ ತುಂಬ ಕಂದು ಚುಕ್ಕೆ.

ಈ ರೋಗಕ್ಕೆ ಹಳೆಯ ಮದ್ದೊಂದು ಕೊಡಗಿನಲ್ಲಿದೆ. ಎಣ್ಣೆಯಲ್ಲ, ಪಂಚಾಂಗ.

ಕೊಡವರಲ್ಲಿ ಕೋವಿ, ಅಂದರೆ ತೋಕ್, ಹುಟ್ಟಿನಿಂದ ಸಾವಿನವರೆಗೆ ಜೊತೆಗಿರುವ ವಸ್ತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು. 1857ರ ದಂಗೆಯ ನಂತರ ದೇಶದ ಜನರಿಂದ ಬ್ರಿಟಿಷರು ಆಯುಧ ಕಿತ್ತುಕೊಂಡಾಗಲೂ ಕೊಡವರಿಗೆ ವಿನಾಯಿತಿ ಸಿಕ್ಕಿತು. ಆಗಿನ ಮುಖ್ಯ ಆಯುಕ್ತ ಮಾರ್ಕ್ ಕಬ್ಬನ್ 1861ರಲ್ಲಿ ಹೊರಡಿಸಿದ ಆದೇಶ ಅದು. ಸ್ವತಂತ್ರ ಭಾರತದಲ್ಲೂ ಅದು ಮುಂದುವರಿಯಿತು. ಈಗಿನ ಕೇಂದ್ರದ ಅಧಿಸೂಚನೆ ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೂ 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಕೊಟ್ಟಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಇಷ್ಟು ಕೋವಿಗಳಿರುವ ನಾಡು ದೇಶದ ಅತಿ ಮಳೆಯ ಸೀಮೆಗಳಲ್ಲೊಂದು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಗದ್ದೆಯ ಕೆಲಸ ಬಿಟ್ಟು ಬೇರೆ ಮಾತಿಲ್ಲ. ಬೇಸಾಯದ ಆ ಕಾಲಕ್ಕೆ ಕುಟುಂಬದ ಮೂಲಮನೆಯಾದ ಐನ್‌ಮನೆಯ ಆಯುಧಗಳಿಗೆ ವಿಶ್ರಾಂತಿ. ಹಳೆಯ ಕಟ್ಟಳೆಯಂತೆ ಅವು ದೇವರ ಕೋಣೆಯಾದ ಕನ್ನಿಕೋಂಬರೆ ಸೇರುತ್ತವೆ. ನಾಟಿ ಮುಗಿದ ಮೇಲೆ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಬಹುತೇಕ ಕಡೆ ಸೆಪ್ಟೆಂಬರ್ 3ರಂದು, ಕೆಲವು ನಾಡುಗಳಲ್ಲಿ ಬೇರೆ ದಿನ. ಅವತ್ತು ಕೋವಿಗಳೂ ಒಡಿಕತ್ತಿ, ಪೀಚೆಕತ್ತಿಗಳೂ ಹೊರಗೆ ಬರುತ್ತವೆ. ಬಿಚ್ಚಿ, ತಿಕ್ಕಿ, ಒರೆಸಿ, ಎಣ್ಣೆ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ. ತೋಕ್ ಪೂ ಎಂದರೆ ಬಯಲುಸೀಮೆಯವರು ಗೌರಿ ಹೂ ಎನ್ನುವ, ಬೆಂಕಿಯ ಬಣ್ಣದ, ಬೇಲಿಯ ಮೇಲೆ ಹಬ್ಬುವ ಬಳ್ಳಿಯ ಹೂ. ಆಮೇಲೆ ಕಡಂಬುಟ್ಟು, ಪಂದಿಕರಿ. ಊಟವಾದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ.

ಹಬ್ಬವನ್ನು ತುಕ್ಕಿನ ಕಣ್ಣಿನಿಂದ ನೋಡುವುದು ಅರಸಿಕತನ, ನಿಜ. ಆದರೂ ಆ ಕ್ರಮದಲ್ಲಿರುವ ವಿವೇಕಕ್ಕೆ ತಲೆದೂಗಬೇಕು. ಮಳೆ ಉಗ್ರವಾಗಿರುವ ಕೆಲವೇ ವಾರ ಕೋವಿ ಒಳಗೆ. ಹೊರಗೆ ತೆಗೆಯುವ ದಿನ ಎಂದೋ ಗೊತ್ತಾಗಿರುತ್ತದೆ, ಮನೆಮಂದಿಯೆಲ್ಲ ಸೇರಿರುತ್ತಾರೆ, ತುಕ್ಕು ಹಿಡಿದ ನಳಿಗೆಯನ್ನು ಹಿರಿಯರ ಮುಂದೆ ತಂದಿಡಲು ಯಾರಿಗೂ ಮುಖವಿರುವುದಿಲ್ಲ. ಗುರಿಯಾಟ ಕೊನೆಗೆ ಬರುವುದರಿಂದ ಕೋವಿ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆಯೂ ಅವತ್ತೇ ಮುಗಿಯುತ್ತದೆ. ಮುಂಬೈಯ ಫ್ಲ್ಯಾಟಿನ ಬೀರುವಿಗೆ ಇಂಥ ತಾರೀಖಿಲ್ಲ.

ಮೈಸೂರಿನ ದಸರಾಕ್ಕೂ ಇಂಥದೊಂದು ಕ್ರಮವಿದೆ. ಜಂಬೂ ಸವಾರಿಯ ದಿನ ಏಳು ಫಿರಂಗಿಗಳಿಂದ ಇಪ್ಪತ್ತೊಂದು ಕುಶಾಲತೋಪು ಹಾರುತ್ತವೆ. ವಾರಗಳ ಮೊದಲೇ ಫಿರಂಗಿಗಳನ್ನು ಹೊರಗೆ ಎಳೆದು, ಪೂಜೆ ಮಾಡಿ, ಸಶಸ್ತ್ರ ಮೀಸಲು ಪಡೆಯ ಪೊಲೀಸರು ತಾಲೀಮು ಶುರುಮಾಡುತ್ತಾರೆ. ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿದ ಸಿಂಬವನ್ನು ನಳಿಗೆಯೊಳಗೆ ತೂರಿಸಿ ತಿರುವುತ್ತಾರೆ. ಒಳಗೆ ಕಿಡಿ ಉಳಿಯದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸ. ಮಸಿ ಹೊರಬರುವುದು ಹೆಚ್ಚಿನ ಲಾಭ.

ಶುಚಿ ಮಾಡುವ ವಿದ್ಯೆಯಲ್ಲಿ ಹೊಸಬರನ್ನು ಬೆರಗುಗೊಳಿಸುವ ಸಂಗತಿಯೆಂದರೆ ನೀರು. ಕೇಪಿನ ಕೋವಿಯನ್ನು, ಅಂದರೆ ಬಾಯಿಯಿಂದ ಮದ್ದು ತುಂಬುವ ಹಳೆಯ ನಳಿಗೆಯನ್ನು, ತುಕ್ಕಿನಿಂದ ಉಳಿಸಬೇಕಾದರೆ ಮೊದಲು ಬಿಸಿನೀರಿನಿಂದ ತೊಳೆಯಬೇಕು. ಕರಿಮದ್ದು ಉರಿದ ಮೇಲೆ ಒಳಗೆ ಉಳಿಯುವ ಮಸಿಯ ತುಂಬ ಲವಣಗಳಿರುತ್ತವೆ. ಹಳೆಯ ಕಾಲದ ಕೇಪುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದು ಪೊಟ್ಯಾಸಿಯಂ ಕ್ಲೋರೈಡನ್ನು ಉಳಿಸುತ್ತದೆ. ಅದು ಅಡುಗೆ ಉಪ್ಪಿನ ದಾಯಾದಿ, ಗಾಳಿಯ ನೀರನ್ನು ಹಾಗೆಯೇ ಹೀರುತ್ತದೆ. ಲವಣ ಎಣ್ಣೆಯಲ್ಲಿ ಕರಗುವುದಿಲ್ಲ. ತೊಳೆಯದೆ ಎಣ್ಣೆ ಸುರಿದರೆ ಉಪ್ಪಿನ ಮೇಲೆ ಕಂಬಳಿ ಹೊದಿಸಿದಂತೆ, ಅಡಿಯಲ್ಲಿ ಕೆಡುವ ಕೆಲಸ ನಡೆದೇ ಇರುತ್ತದೆ. ನೀರು ಚೆನ್ನಾಗಿ ಕಾದಿರಬೇಕು. ನಳಿಗೆಯೇ ಬಿಸಿಯಾದರೆ ಉಳಿದ ತೇವ ತಾನಾಗಿ ಆರುತ್ತದೆ. ಆರಿದ ಮೇಲೆ ಒಣಬಟ್ಟೆ, ಒಣಬಟ್ಟೆಯ ಮೇಲೆ ಎಣ್ಣೆ. ಕಡಲತಡಿಯಲ್ಲಿ ಗುರಿ ಅಭ್ಯಾಸ ಮಾಡಿದ ಕೋವಿಗೂ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಉಪ್ಪು ತೆಗೆದ ಮೇಲೆಯೇ ಎಣ್ಣೆಯ ಉಪಯೋಗ. ಕೈಬೆವರಲ್ಲೂ ಉಪ್ಪಿದೆಯಲ್ಲ. ನೆಂಟರೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ನೋಡಿದ ಕೋವಿಯನ್ನು ಹಾಗೇ ಒಳಗಿಟ್ಟರೆ ಬೆರಳಿನ ಗೆರೆಗಳೇ ಕೆಂಪಗೆ ಮೂಡುತ್ತವೆ.

ಸೈನ್ಯದಲ್ಲೂ ಪೊಲೀಸಿನಲ್ಲೂ ಇದ್ದು ಬಂದವರ ಬಾಯಲ್ಲಿ ಈ ಕೆಲಸಕ್ಕೆ ಅಳತೆಯೇ ಇದೆ. ಹಗ್ಗದ ಒಂದು ತುದಿಗೆ ಹಿತ್ತಾಳೆಯ ತೂಕದ ಕಡ್ಡಿ, ಇನ್ನೊಂದು ತುದಿಯ ಕುಣಿಕೆಗೆ ಬಟ್ಟೆ. ಇದು ಪುಲ್‌ಥ್ರೂ. ಬಟ್ಟೆಯ ತುಂಡು ಚಿಂದಿ. ನಳಿಗೆ ಒರೆಸುವ ಚಿಂದಿ ನಾಲ್ಕು ಅಂಗುಲ ಉದ್ದ, ಎರಡು ಅಂಗುಲ ಅಗಲ. ಎಣ್ಣೆ ಹಚ್ಚುವ ಚಿಂದಿಯ ಅಗಲ ಒಂದೂವರೆ ಅಂಗುಲ. ಒರೆಸುವಾಗ ಬಿಗಿಯಾಗಿ ಕೆರೆಯಬೇಕು, ಹಚ್ಚುವಾಗ ಸಡಿಲವಾಗಿ ಸವರಿಕೊಂಡು ಹೋಗಬೇಕು. ಅರ್ಧ ಅಂಗುಲದ ವ್ಯತ್ಯಾಸದಲ್ಲಿ ಅಷ್ಟು ಅನುಭವ ಅಡಗಿದೆ. ಗುಂಡು ತುಂಬುವ ಕೋಣೆಯ ಕಡೆಯಿಂದ ಕಡ್ಡಿ ಇಳಿಬಿಟ್ಟು ಬಾಯಿಯ ಕಡೆಗೆ ಒಂದೇ ಉಸಿರಿನಲ್ಲಿ ಎಳೆಯುವುದು ಕ್ರಮ. ನಡುವೆ ನಿಂತರೆ ಕೊಳೆ ಅಲ್ಲೇ ಕೂರುತ್ತದೆ. ಇದೆಲ್ಲಕ್ಕೂ ಮೊದಲಿನದು ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡುವುದು. ಅದನ್ನು ಹೇಳಬೇಕಾಗಿಲ್ಲ ಎನ್ನುವವರಿಗೇ ಹೇಳಬೇಕು.

ಯಾವ ಎಣ್ಣೆ? ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಹಳ್ಳಿಯ ಕೋವಿಗಳು ಅದನ್ನು ಸಾಕಷ್ಟು ಕುಡಿದಿವೆ. ಒಂದೆರಡು ವಾರಕ್ಕೆ ಪರವಾಗಿಲ್ಲ. ತಿನ್ನುವ ಎಣ್ಣೆಗಳು ದಿನ ಕಳೆದಂತೆ ಕಮಟುತ್ತವೆ, ಅಂಟಾಗುತ್ತವೆ. ಕುದುರೆ ಎಳೆದರೆ ಬಾರದಷ್ಟು ಗಟ್ಟಿ ಮೇಣ ಕೂತ ಕೋವಿಗಳನ್ನು ಕಮ್ಮಾರರು ಕಂಡಿದ್ದಾರೆ. ಹೊಲಿಗೆ ಯಂತ್ರದ ಎಣ್ಣೆ ಅದಕ್ಕಿಂತ ವಾಸಿ, ಆದರೆ ತೆಳು, ಬೇಗ ಜಾರಿಹೋಗುತ್ತದೆ. ಎಲ್ಲರ ಗ್ಯಾರೇಜಿನಲ್ಲೂ ಇರುವ ಡಬ್ಲ್ಯುಡಿ–40 ಕೂಡ ಮೂಲತಃ ನೀರು ಓಡಿಸುವ ದ್ರವ. 1953ರಲ್ಲಿ ಸ್ಯಾನ್ ಡಿಯೇಗೊದ ರಾಕೆಟ್ ಕೆಮಿಕಲ್ ಕಂಪನಿ ನಲವತ್ತನೆಯ ಪ್ರಯತ್ನದಲ್ಲಿ ಅದನ್ನು ಹದಗೊಳಿಸಿತು, ಅಟ್ಲಾಸ್ ಕ್ಷಿಪಣಿಯ ಹೊರಕವಚ ತುಕ್ಕು ಹಿಡಿಯದಿರಲೆಂದು. ನೆನೆದ ಕೋವಿಯ ನೀರು ತೆಗೆಯಲು ಅದು ಚೆನ್ನ. ವರ್ಷಗಟ್ಟಲೆ ಕಾಪಾಡು ಎಂದು ಅದಕ್ಕೆ ಒಪ್ಪಿಸಿ ಹೋಗುವುದು ಸಲ್ಲದು.

ವರ್ಷಗಟ್ಟಲೆಗೆ ಬೇಕಾದದ್ದು ಗಟ್ಟಿ ಜಿಡ್ಡು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಕಾಸ್ಮೊಲಿನ್ ಎಂಬ ಕಂದು ಪೆಟ್ರೋಲಿಯಂ ಮೇಣದಲ್ಲಿ ರೈಫಲ್‌ಗಳನ್ನು ಅದ್ದಿ ಪೆಟ್ಟಿಗೆಗೆ ತುಂಬಿದರು. ದಶಕಗಳ ಮೇಲೆ ಒಡೆದ ಪೆಟ್ಟಿಗೆಗಳಲ್ಲಿ ಉಕ್ಕು ಹೊಸದರಂತಿತ್ತು. ಜಿಡ್ಡು ತೆಗೆಯುವುದು ಮಾತ್ರ ಬೆವರಿಳಿಸುವ ಕೆಲಸ. ರಷ್ಯನ್ನರೂ ಫಿರಂಗಿಯ ಕೊಬ್ಬು ಎಂದು ಕರೆಯುವ ತಮ್ಮದೇ ಜಿಡ್ಡಿನಲ್ಲಿ ಮೋಸಿನ್ ರೈಫಲ್‌ಗಳನ್ನು ಹೂತಿಟ್ಟರು. ಭಾರತದ ಆಯುಧ ಕೋಠಿಗಳಲ್ಲಿ ಆ ಜಾಗದಲ್ಲಿರುವುದು ಮಿನರಲ್ ಜೆಲ್ಲಿ. ಮನೆಯ ಕೋವಿಗೆ ತೆಳ್ಳನೆಯ ಒಂದು ಲೇಪ ಸಾಕು. ನಳಿಗೆಯೊಳಗೆ ಜಿಡ್ಡು ಹಚ್ಚಿಟ್ಟರೆ, ಹಾರಿಸುವ ಮೊದಲು ಪೂರ್ತಿ ತೆಗೆಯಲೇಬೇಕೆಂದು ಒಂದು ಚೀಟಿ ಬರೆದು ಕಟ್ಟಬೇಕು. ನಳಿಗೆಯಲ್ಲಿ ಅಡ್ಡವಾದ ಜಿಡ್ಡಿನ ಮುದ್ದೆ, ಬಟ್ಟೆಯ ಬಿರಡೆ ಏನಿದ್ದರೂ ಹಾರಿಸಿದವರ ಮುಖದ ಮುಂದೆಯೇ ಕೋವಿ ಸಿಡಿಯಬಹುದು. ಧೂಳು ಹೋಗದಿರಲಿ ಎಂದು ಬಾಯಿಗೆ ಬಟ್ಟೆ ತುರುಕುವ ಚಾಳಿ ಇನ್ನೊಂದು ಬಗೆಯಲ್ಲೂ ಕೆಟ್ಟದ್ದು: ಬಟ್ಟೆ ಹೀರಿದ ತೇವ ಅಲ್ಲೇ ನಿಂತು ನಳಿಗೆಯ ತುದಿಯನ್ನೇ ತಿನ್ನುತ್ತದೆ.

ಪ್ರೀತಿಯಿಂದ ಮಾಡಿಸಿದ ಚರ್ಮದ ಚೀಲವೇ ಶತ್ರು ಎಂದರೆ ಹಲವರು ನಂಬುವುದಿಲ್ಲ. ಚರ್ಮ ಹದಮಾಡಲು ಬಳಸಿದ ಆಮ್ಲಗಳೂ ಲವಣಗಳೂ ಅದರಲ್ಲಿ ಉಳಿದಿರುತ್ತವೆ, ಮಳೆಗಾಲದಲ್ಲಿ ಚರ್ಮ ತೇವ ಹೀರುತ್ತದೆ. ಮಖಮಲ್ಲಿನ ಹಾಸು, ಸ್ಪಂಜಿನ ಪೆಟ್ಟಿಗೆ, ಉಣ್ಣೆಯ ಕಂಬಳಿಗಳದ್ದೂ ಅದೇ ಗುಣ. ಸಾಗಿಸಲು ಚೀಲ, ಇಡಲು ಬರಿಮೈ. ಕೋವಿಯನ್ನು ಗೋಡೆಗೆ ತಾಗದಂತೆ, ಸಾಧ್ಯವಾದರೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಹಿಡಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುವುದಿಲ್ಲ. ಮರವೂ ತೇವ ಹೀರುತ್ತದೆಂಬುದು ನೆನಪಿರಲಿ. ಮರದೊಳಗೆ ಹುದುಗಿದ ನಳಿಗೆಯ ಅಡಿಭಾಗ ಹೊರಗೆ ಕಾಣುವುದಿಲ್ಲ, ಆಳವಾದ ಗುಳಿಗಳು ಬೀಳುವುದು ಅಲ್ಲಿಯೇ.

ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಬೀರುವಿಗೆ ಹಾಕಿ ನಿಶ್ಚಿಂತರಾಗುವವರೂ ಉಂಟು. ಜೆಲ್ ನೀರು ಹೀರುವುದು ನಿಜ, ಆದರೆ ಮರದ ಬೀರುವಿನ ಸಂದಿಗಳಿಂದ ಇಡೀ ಅರಬ್ಬೀ ಸಮುದ್ರ ಒಳಗೆ ಬರುತ್ತಿರುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪೆಟ್ಟಿಗೆಯಲ್ಲಿ ಮಾತ್ರ ಅದರ ಆಟ. ನೀಲಿ ಕಾಳು ಗುಲಾಬಿಯಾದಾಗ ಒಲೆಯಲ್ಲಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಮುಂಬೈಯ ಛಾಯಾಗ್ರಾಹಕರು ಲೆನ್ಸಿಗೆ ಬೂಷ್ಟು ಹಿಡಿಯದಂತೆ ಕರೆಂಟಿನ ಒಣಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಕೋವಿಗೂ ತತ್ವ ಅದೇ. ಐವತ್ತರ ಆಸುಪಾಸಿನ ಆರ್ದ್ರತೆ ಒಳ್ಳೆಯದು. ಇನ್ನೂ ಒಣಗಿಸಿದರೆ ಹಿಡಿಯ ಮರ ಬಿರುಕು ಬಿಡುತ್ತದೆ. ಯಂತ್ರದ ಬಿಡಿಭಾಗ ಸುತ್ತಿ ಬರುವ ವಿಸಿಐ ಕಾಗದವೂ ಉಪಯುಕ್ತ. 1940ರ ದಶಕದಲ್ಲಿ ಬಳಕೆಗೆ ಬಂದ ಈ ಉಪಾಯದಲ್ಲಿ ಕಾಗದದಿಂದ ನಿಧಾನವಾಗಿ ಆವಿಯಾಗುವ ರಾಸಾಯನಿಕ ಉಕ್ಕಿನ ಮೈಮೇಲೆ ಕೂತು ಕಾಯುತ್ತದೆ, ಎಣ್ಣೆಯ ಬೆರಳು ತಲುಪದ ಮೂಲೆಗೂ ಹೋಗುತ್ತದೆ.

ಕೋವಿಯ ಮೈಮೇಲಿನ ಆ ಕಪ್ಪುನೀಲಿ ಬಣ್ಣವಿದೆಯಲ್ಲ, ಅದೂ ಒಂದು ಬಗೆಯ ತುಕ್ಕೇ. ನಯ ಮಾಡಿದ ನಳಿಗೆಗೆ ಬೇಕೆಂದೇ ತೆಳುವಾಗಿ ಕೆಂಪು ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಹೋಗಿ ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ಉಜ್ಜಿ, ಮತ್ತೆ ಹಿಡಿಸಿ, ಮತ್ತೆ ಕುದಿಸಿ, ಹೀಗೆ ಹಲವು ಸುತ್ತು. ಕೆಂಪು ತುಕ್ಕು ಉಬ್ಬಿ, ಬಿರಿದು, ಅಡಿಗೆ ನೀರು ಬಿಡುತ್ತದೆ. ಕಪ್ಪು ಪೊರೆ ಗಟ್ಟಿಯಾಗಿ ಅಂಟಿ ಎಣ್ಣೆಯನ್ನು ಹಿಡಿದಿಡುತ್ತದೆ. ಆದ್ದರಿಂದ ಒಂದು ಚುಕ್ಕೆ ತುಕ್ಕು ಕಂಡೊಡನೆ ಉಪ್ಪುಕಾಗದ ಹಿಡಿದು ಇಡೀ ನಳಿಗೆ ಉಜ್ಜುವುದು ಮನೆಗೆ ಕಳ್ಳ ಹೊಕ್ಕನೆಂದು ಗೋಡೆ ಕೆಡವಿದ ಹಾಗೆ. ನಂಬರು ಕೊರೆದ ಜಾಗದ ಮೇಲೆ ಉಜ್ಜಿದರಂತೂ ಮುಗಿಯಿತು. ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ನಂಬರು ಅಳಿಸುವುದು ಅಪರಾಧ. ಅಳಿಸಿದ್ದು ತುಕ್ಕೇ ಆದರೂ ಉತ್ತರ ಹೇಳಬೇಕಾದವರು ಲೈಸೆನ್ಸುದಾರರೇ.

ತೀರಾ ದೀರ್ಘ ಕಾಲ ಇಟ್ಟರೆ ಏನಾಗುತ್ತದೆಂದು ನೋಡಲು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರಕ್ಕೆ, ಹಳೆಯ ಬಿದನೂರಿಗೆ, ಹೋಗಬೇಕು. 2002ರಲ್ಲಿ ಅಲ್ಲಿನ ಅಡಿಕೆ ತೋಟದ ಬಾವಿಯೊಂದರಲ್ಲಿ ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಮೈಸೂರು ರಾಕೆಟ್‌ಗಳೆಂದು ಗೊತ್ತಾಗಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಬಾವಿಯನ್ನು ಅಗೆದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಬತ್ತಿದ ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿದ್ದುದು ಅಗೆಯಲು ಪ್ರೇರಣೆಯಾಯಿತಂತೆ. ಎರಡು ಶತಮಾನ ಮಲೆನಾಡಿನ ಮಳೆಯಲ್ಲಿ ಹೂತಿದ್ದ ಅವೆಲ್ಲ ತುಕ್ಕು ತಿಂದಿದ್ದರೂ ಆಕಾರ ಕಳೆದುಕೊಂಡಿರಲಿಲ್ಲ. ಈಗ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಅವು ಸೇರಿವೆ. ತಮಾಷೆಯೆಂದರೆ ಅದೇ ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಮೇಲೆ, ಆಕಾಶವೇ ತೂತಾದಂತೆ ಮಳೆ ಸುರಿಯುವಲ್ಲಿ, ಕಬ್ಬಿಣದ ಎತ್ತರದ ಕಂಬವೊಂದು ಬಯಲಲ್ಲಿ ನಿಂತಿದೆ, ತುಕ್ಕಿಗೆ ಅಷ್ಟಾಗಿ ಸೋತಿಲ್ಲ. ಲೋಹಶಾಸ್ತ್ರಜ್ಞರು ಅದನ್ನು ದೆಹಲಿಯ ಕಂಬದ ಜೊತೆಗಿಟ್ಟು ಅಧ್ಯಯನ ಮಾಡಿದ್ದಾರೆ.

ಬಾಂದ್ರಾದಿಂದ ಸೀ ಲಿಂಕ್ ದಾಟಿ ದಕ್ಷಿಣಕ್ಕೆ ಹೋದರೆ ಮಲಬಾರ್ ಹಿಲ್‌ನ ರಾಜ್ಯಪಾಲರ ನಿವಾಸ. ಅಲ್ಲಿ 2018ರಲ್ಲಿ ಎರಡು ಭಾರಿ ಫಿರಂಗಿಗಳು ಸಿಕ್ಕಿದವು, ಒಂದೊಂದೂ ಸುಮಾರು 22 ಟನ್, 4.7 ಮೀಟರ್ ಉದ್ದ. ಕಡಲಿನ ಪಕ್ಕದ ಗುಡ್ಡದಡಿಯಲ್ಲಿ ಯಾರ ನೆನಪಿಗೂ ಬಾರದೆ ಬಿದ್ದಿದ್ದವು. ಅಷ್ಟು ದಪ್ಪ ಉಕ್ಕಿಗೆ ಮೇಲಿನ ತುಕ್ಕು ಚರ್ಮರೋಗವಷ್ಟೇ. ಸಮುದ್ರದಡಿಯಿಂದ ಎತ್ತಿದ ಎರಕದ ಫಿರಂಗಿಗಳ ಪಾಡು ಹಾಗಲ್ಲ. ಉಪ್ಪು ಒಳಗೆ ಇಳಿದಿರುತ್ತದೆ. ಹೊರಗೆ ತೆಗೆದು ಒಣಗಲು ಬಿಟ್ಟರೆ ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಪದರಪದರವಾಗಿ ಉದುರುತ್ತವೆ. ಕ್ಷಾರದ ನೀರಿನಲ್ಲಿಟ್ಟು ವಿದ್ಯುತ್ ಹಾಯಿಸಿ ಉಪ್ಪು ಹೊರಗೆ ಎಳೆಯಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಬೇಕು. ಕೊನೆಗೆ ಟ್ಯಾನಿಕ್ ಆಮ್ಲ ಸವರಿ, ಮೇಣ ಹಚ್ಚುತ್ತಾರೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪಾಗುವುದು ನಮ್ಮ ಬಣ್ಣಗಾರರಿಗೆ ಹೊಸದಲ್ಲ. ಅಳಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಕಬ್ಬಿಣದ ಹುಳಿನೀರು ಎಳೆದು ಕಲಂಕಾರಿಯ ಕಪ್ಪುಗೆರೆ ಮೂಡಿಸುವುದೂ ಇದೇ ರಸಾಯನದಿಂದ. ಇಂಥ ಯಾವ ಚಿಂತೆಯೂ ಇಲ್ಲದೆ ಕೂತಿರುವುದು ವಿಜಯಪುರದ ಮಲಿಕ್–ಎ–ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪು ಕಂಚಿನದು. ಕಂಚಿಗೆ ಕಿಲುಬು ಹಿಡಿದೀತು, ತುಕ್ಕು ಹಿಡಿಯದು.

ಇತ್ತ ಲೈಸೆನ್ಸುದಾರರಿಗೆ ಬೀರುವಿಗಿಂತ ದೊಡ್ಡ ತಲೆನೋವು ಚುನಾವಣೆ. ನೀತಿಸಂಹಿತೆ ಬಂತೆಂದರೆ ಕೋವಿಯನ್ನು ಪೊಲೀಸ್ ಠಾಣೆಗೋ ಪರವಾನಗಿ ಪಡೆದ ಕೋವಿ ಅಂಗಡಿಗೋ ಒಪ್ಪಿಸಬೇಕೆಂದು ಆದೇಶ ಹೊರಡುತ್ತದೆ. ಎಲ್ಲರಿಂದಲೂ ಕುರುಡಾಗಿ ಕಿತ್ತುಕೊಳ್ಳಬಾರದು, ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ನಿರ್ಧರಿಸಬೇಕು ಎಂಬ ತತ್ವವನ್ನು ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2009ರಲ್ಲೇ ಹೇಳಿತ್ತು. ಕರ್ನಾಟಕ ಹೈಕೋರ್ಟಿಗೂ ತೋಟದ ರೈತರ ಅರ್ಜಿಗಳು ಹೋಗಿವೆ. ಆದರೂ ಬಹಳ ಕಡೆ ಎಲ್ಲರಿಗೂ ಒಂದೇ ನೋಟಿಸು.

2024ರ ಲೋಕಸಭೆ ಚುನಾವಣೆಯನ್ನೇ ತೆಗೆದುಕೊಳ್ಳಿ. ವೇಳಾಪಟ್ಟಿ ಬಂದದ್ದು ಮಾರ್ಚ್ 16, ಫಲಿತಾಂಶ ಜೂನ್ 4. ನಡುವೆ ಎಂಬತ್ತು ದಿನ. ಬಿಸಿಲಲ್ಲಿ ಒಳಗೆ ಹೋದ ಕೋವಿ ಮುಂಗಾರು ಇಳಿಯುವ ಹೊತ್ತಿಗೆ ಕೈಗೆ ಬರುತ್ತದೆ. ಠಾಣೆಯ ಕೋಣೆಯಲ್ಲಿ ನೂರಾರು ಕೋವಿಗಳು ಒಂದಕ್ಕೊಂದು ಒರಗಿ, ಗೋಣಿಚೀಲದಲ್ಲೋ ಬರಿ ನೆಲದಲ್ಲೋ ಇರುತ್ತವೆ. ಅಲ್ಲಿ ಎಣ್ಣೆ ಹಚ್ಚುವ ಹೊಣೆ ಯಾರ ಮೇಲೂ ಇಲ್ಲ. ಹಿಂದಕ್ಕೆ ಪಡೆದಾಗ ತುಕ್ಕು, ಗೀರು, ಮುರಿದ ಹಿಡಿ ಎಂದು ಗೊಣಗುವ ಬೆಳೆಗಾರರು ಪಶ್ಚಿಮಘಟ್ಟದ ಊರೂರಲ್ಲಿ ಸಿಗುತ್ತಾರೆ. ಅಂಗಡಿಗೆ ಒಪ್ಪಿಸಿದರೆ ಬಾಡಿಗೆ ಕೊಡಬೇಕು, ಆದರೆ ಕೋವಿ ಬಲ್ಲವರ ಕೈಯಲ್ಲಿರುತ್ತದೆ.

ವಾರಸುದಾರಿಕೆಯ ಕತೆ ಇನ್ನೂ ಉದ್ದ. 2016ರ ಆಯುಧ ನಿಯಮಗಳು ಲೈಸೆನ್ಸುದಾರ ತೀರಿಕೊಂಡಾಗ ಮಾತ್ರವಲ್ಲ, ಅವರಿಗೆ ಎಪ್ಪತ್ತು ತುಂಬಿದಾಗ ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡಾಗಲೂ ವಾರಸುದಾರರಿಗೆ ಲೈಸೆನ್ಸ್ ವರ್ಗಾಯಿಸಲು ದಾರಿ ಕೊಟ್ಟಿವೆ. ಇದನ್ನು ಬಳಸಿಕೊಳ್ಳುವವರು ಕಡಿಮೆ. ಹೆಚ್ಚಿನವರು ತಿಥಿ ಮುಗಿದ ಮೇಲೆ ನೆನಪಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಕೋವಿ ಠಾಣೆ ಸೇರಿರುತ್ತದೆ, ಮುಂಬೈಯಲ್ಲಿರುವ ಮಗನ ಅರ್ಜಿ ಎರಡು ರಾಜ್ಯಗಳ ಪೊಲೀಸ್ ವರದಿಗಾಗಿ ಕಾಯುತ್ತಿರುತ್ತದೆ, ಒಂದರ ಹಿಂದೊಂದು ಮಳೆಗಾಲ ಹೋಗುತ್ತದೆ. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಾಗಲೂ ಹೀಗೆಯೇ ಹಲವು ಮನೆಗಳ ಮೂರನೆಯ ಕೋವಿ ಒಪ್ಪಿಸಬೇಕಾದ ಪಟ್ಟಿಗೆ ಬಿತ್ತು.

ಅನುಭವಸ್ಥರು ಒಪ್ಪಿಸುವ ಮುಂಚಿನ ರಾತ್ರಿಯೇ ಕೆಲಸ ಮುಗಿಸುತ್ತಾರೆ. ನಳಿಗೆಗೆ ಎರಡು ಒಣಚಿಂದಿ, ಒಂದು ಎಣ್ಣೆಚಿಂದಿ. ಹೊರಗೆ ಜೆಲ್ಲಿಯ ತೆಳುಲೇಪ. ಚರ್ಮದ ಚೀಲ ಮನೆಯಲ್ಲೇ ಬಿಟ್ಟು ಮೇಣಗಾಗದದ ಸುತ್ತು. ನಂಬರು, ನಳಿಗೆ, ಹಿಡಿ ಎಲ್ಲ ಕಾಣುವಂತೆ ಮೊಬೈಲಿನಲ್ಲಿ ನಾಲ್ಕು ಫೋಟೊ. ಠಾಣೆಯ ಮೇಜಿನ ಮುಂದೆ ಒಂದು ನಿಮಿಷ ಹೆಚ್ಚು ನಿಂತು, ರಸೀದಿಯಲ್ಲಿ ಕೋವಿಯ ನಂಬರಿನ ಕೆಳಗೆ ‘ತುಕ್ಕು ಇಲ್ಲ’ ಎಂಬ ಎರಡು ಪದವನ್ನೂ ಬರೆಸಿ, ಸೀಲು ಹಾಕಿಸಿಕೊಂಡು ಬರುತ್ತಾರೆ.